ಮೈಸೂರು ಸೀಮೆಯ ನೆಲ ಎಷ್ಟು ಸವೆದಿದೆ: ಕಲ್ಲು ತಣಿದ ವಯಸ್ಸಿನಿಂದ ಲೆಕ್ಕ ಹಾಕುವ ಬಗೆ

ಚಾಮುಂಡಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ. ಸುತ್ತಲಿನ ನೈಸ್ ಕಲ್ಲಿಗೆ 300 ಕೋಟಿ ವರ್ಷದ ಆಸುಪಾಸು. ಇವೆರಡೂ ಕಲ್ಲು ಹುಟ್ಟಿದ ವಯಸ್ಸು. ಆ ಕಲ್ಲಿನ ಮೇಲೆ ಎಷ್ಟು ಕಿಲೋಮೀಟರ್ ಹೊದಿಕೆ ಇತ್ತು, ಅದು ಎಷ್ಟು ಕಾಲ ಹಿಡಿದು ಸವೆದು ನದಿಪಾಲಾಯಿತು, ಇಂದಿನ ಬಂಡೆ ಯಾವಾಗ ಬಿಸಿಲು ಕಂಡಿತು ಎಂದು ಕೇಳಿದರೆ ಹುಟ್ಟಿದ ವಯಸ್ಸು ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇಕಾದ್ದು ತಣಿದ ವಯಸ್ಸು.

ಇದರ ತತ್ವ ಸರಳ. ಭೂಮಿಯೊಳಗೆ ಇಳಿದಷ್ಟೂ ಬಿಸಿ. ಮೇಲಿನ ಕಲ್ಲು ಸವೆದಂತೆ ಕೆಳಗಿನದು ಮೇಲ್ಮೈಗೆ ಹತ್ತಿರವಾಗುತ್ತದೆ, ಹತ್ತಿರವಾದಂತೆ ತಣಿಯುತ್ತದೆ. ಕೆಲವು ಖನಿಜಗಳಲ್ಲಿ ಯುರೇನಿಯಂ ಒಡೆಯುವುದರಿಂದ ಹೀಲಿಯಂ ಅನಿಲ ಹುಟ್ಟುತ್ತದೆ, ಸೂಕ್ಷ್ಮ ಗೆರೆಗಳೂ ಮೂಡುತ್ತವೆ. ಬಿಸಿಯಿದ್ದಾಗ ಅನಿಲ ಸೋರಿಹೋಗುತ್ತದೆ, ಗೆರೆಗಳು ಗಾಯ ಮಾಯ್ದ ಹಾಗೆ ಮಾಯುತ್ತವೆ. ಒಂದು ಮಟ್ಟಕ್ಕಿಂತ ತಣ್ಣಗಾದ ಮೇಲೆ ಎರಡೂ ಉಳಿಯತೊಡಗುತ್ತವೆ. ಉಳಿದದ್ದನ್ನು ಅಳೆದರೆ ಆ ಮಟ್ಟ ದಾಟಿ ಎಷ್ಟು ಕಾಲವಾಯಿತು ಎಂದು ಗೊತ್ತಾಗುತ್ತದೆ.

ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಈ ಗಡಿಯಾರಕ್ಕೆ ಗೊತ್ತಿರುವುದು ಉಷ್ಣತೆ ಮಾತ್ರ. ಸಮುದ್ರಮಟ್ಟದಿಂದ ಬೆಟ್ಟ ಎಷ್ಟು ಎತ್ತರದಲ್ಲಿತ್ತು ಎಂಬುದು ಅದಕ್ಕೆ ತಿಳಿಯದು. ಬೆಟ್ಟ ಎದ್ದಿತು ಎನ್ನುವುದು ಬೇರೆ, ಮೇಲಿನ ಹೊದಿಕೆ ಸವೆಯಿತು ಎನ್ನುವುದು ಬೇರೆ. ತಣಿದ ವಯಸ್ಸು ಹೇಳುವುದು ಎರಡನೆಯದನ್ನು. ಇವೆರಡನ್ನೂ ಒಂದೇ ಎಂದುಕೊಂಡು ಬರೆದ ವರದಿಗಳು ಬೇಕಾದಷ್ಟಿವೆ.

ಯಾವ ಗಡಿಯಾರ, ಎಷ್ಟು ಆಳ

ನೆಲದ ರೂಪದ ಕೆಲಸಕ್ಕೆ ಮುಖ್ಯವಾದವು ಎರಡು, ಎರಡೂ ಅಪಟೈಟ್ ಎಂಬ ಖನಿಜದವು. ಅಪಟೈಟ್‌ನ ಫಿಷನ್ ಗೆರೆಗಳು, ಅಂದರೆ ಯುರೇನಿಯಂ ಸಿಡಿದು ಮೂಡುವ ಮೇಲೆ ಹೇಳಿದ ಸೂಕ್ಷ್ಮ ಗೆರೆಗಳು, ಸುಮಾರು 110 ಡಿಗ್ರಿ ಸೆಲ್ಸಿಯಸ್ ಕೆಳಗೆ ಉಳಿಯಲು ಶುರುವಾಗುತ್ತವೆ. 60ರಿಂದ 120 ಡಿಗ್ರಿವರೆಗಿನದು ಅರೆ ಮಾಯುವ ಪಟ್ಟಿ, ಅಲ್ಲಿ ಗೆರೆ ಪೂರ್ತಿ ಅಳಿಯದೆ ಗಿಡ್ಡವಾಗುತ್ತದೆ. ಅಪಟೈಟ್‌ನ ಹೀಲಿಯಂಗೆ ಮುಚ್ಚುವ ಉಷ್ಣತೆ, ಅಂದರೆ ಸೋರುವುದು ನಿಂತು ಉಳಿಯತೊಡಗುವ ಮಟ್ಟ, 70 ಡಿಗ್ರಿ ಆಸುಪಾಸು, ಅದರ ಅರೆ ಸೋರುವ ಪಟ್ಟಿ 40ರಿಂದ 80. ಇನ್ನೂ ಆಳದ ಕಥೆ ಬೇಕಾದರೆ ಜಿರ್ಕಾನ್ ಹೀಲಿಯಂ 180ರ ಹತ್ತಿರ, ಜಿರ್ಕಾನ್ ಗೆರೆ 240ರ ಹತ್ತಿರ, ಬಯೊಟೈಟ್‌ನ ಆರ್ಗಾನ್ 300ರ ಹತ್ತಿರ.

ಈಗ ನಮ್ಮ ಸೀಮೆಗೆ ಬರೋಣ. ಮೈಸೂರು, ಮಂಡ್ಯ ಕೂತಿರುವ ಧಾರವಾಡ ಕ್ರೇಟಾನ್ ತುಂಬ ಹಳೆಯ, ತಣ್ಣನೆಯ ನೆಲ. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಕೆಲಸ ಮಾಡುವವರಿಗೆ ಅದು ಬೆಂಕಿಯೇ ಸರಿ, ಆದರೆ ಭೂಮಿಯ ಲೆಕ್ಕದಲ್ಲಿ ತಂಪು. ಕಿಲೋಮೀಟರಿಗೆ 11ರಿಂದ 15 ಡಿಗ್ರಿ ಏರಿಕೆ ಎಂದಾಯಿತು. ಪಠ್ಯಪುಸ್ತಕದಲ್ಲಿ ಬರುವ 25, 30 ಡಿಗ್ರಿಯನ್ನು ಹಾಗೇ ಎತ್ತಿಕೊಂಡು ಮೈಸೂರಿಗೆ ಹಾಕಿದರೆ ಸವೆತ ಅರ್ಧಕ್ಕೆ ಇಳಿದು ಕಾಣುತ್ತದೆ. ಇದು ನಮ್ಮ ಕಡೆಯ ಲೆಕ್ಕದಲ್ಲಿ ಆಗುವ ಮೊದಲ ದೊಡ್ಡ ತಪ್ಪು.

ಮೇಲ್ಮೈ 25 ಡಿಗ್ರಿ, ಏರಿಕೆ 13 ಡಿಗ್ರಿ ಎಂದಿಟ್ಟುಕೊಂಡರೆ 110 ಡಿಗ್ರಿ ಸಿಗುವುದು ಸುಮಾರು ಆರೂವರೆ ಕಿಲೋಮೀಟರ್ ಆಳದಲ್ಲಿ, 70 ಡಿಗ್ರಿ ಮೂರೂವರೆ ಕಿಲೋಮೀಟರಲ್ಲಿ. ಅಂದರೆ ಈ ಗಡಿಯಾರಗಳು ನೋಡುವುದು ಕಿಲೋಮೀಟರ್ ಲೆಕ್ಕದ ಸವೆತವನ್ನು. ಶಿವನಸಮುದ್ರದಲ್ಲಿ ಕಾವೇರಿ ಸುಮಾರು 98 ಮೀಟರ್ ಧುಮುಕುತ್ತಾಳೆ. ಗಗನಚುಕ್ಕಿಯ ಮೇಲೊಂದು, ಕೆಳಗೊಂದು ಕಲ್ಲು ತಂದು ವಯಸ್ಸು ಕಟ್ಟಿದರೆ ಎರಡೂ ಒಂದೇ ಬರುತ್ತವೆ. ಜಲಪಾತ ಹಿಂದೆ ಸರಿದ ಕಥೆ ಅವುಗಳಲ್ಲಿ ಇಲ್ಲ. ಅದಕ್ಕೆ ಬೇರೆ ಸಾಧನವಿದೆ, ಕೊನೆಗೆ ಹೇಳುತ್ತೇವೆ.

ಜಾಗ ಆರಿಸುವುದು

ಕಡಿದಾದ ಇಳಿಜಾರಿನಲ್ಲಿ ಕೆಳಗಿಂದ ಮೇಲಕ್ಕೆ ಸಾಲಾಗಿ ಕಲ್ಲು ತೆಗೆದು, ವಯಸ್ಸಿಗೆ ಎದುರಾಗಿ ಎತ್ತರವನ್ನು ಗುರುತಿಸುವುದು ಎಲ್ಲಕ್ಕಿಂತ ನಂಬಿಕೆಯ ವಿಧಾನ. ಮೇಲಿನ ಕಲ್ಲು ಮೊದಲು ತಣಿದಿರುತ್ತದೆ, ಕೆಳಗಿನದು ಆಮೇಲೆ. ಆ ಚಿತ್ರದಲ್ಲಿ ಮೂಡುವ ರೇಖೆಯ ವಾಲಿಕೆಯೇ ಸವೆತದ ವೇಗ. ಭೂಶಾಖದ ಏರಿಕೆ ಎಷ್ಟೆಂದು ಊಹಿಸುವ ಹಂಗು ಇದರಲ್ಲಿ ಕಡಿಮೆ.

ಮೈಸೂರಿನವರಿಗೆ ಸಹಜವಾಗಿ ಮೊದಲು ಹೊಳೆಯುವುದು ಚಾಮುಂಡಿ ಬೆಟ್ಟ. ಊರು ಸುಮಾರು 770 ಮೀಟರ್, ಬೆಟ್ಟದ ತುದಿ ಸುಮಾರು 1,060. ನಡುವೆ ಮುನ್ನೂರು ಮೀಟರಿಗೂ ಕಡಿಮೆ. ಸವೆತ ಹತ್ತು ಲಕ್ಷ ವರ್ಷಕ್ಕೆ 20 ಮೀಟರ್ ಎಂದುಕೊಂಡರೆ ತುದಿಗೂ ಬುಡಕ್ಕೂ ವಯಸ್ಸಿನ ವ್ಯತ್ಯಾಸ ಒಂದೂವರೆ ಕೋಟಿ ವರ್ಷ. 25 ಕೋಟಿ ವರ್ಷದ ಗೆರೆ ವಯಸ್ಸಿಗೆ ಐದಾರು ಶೇಕಡಾ ದೋಷ ಬಂದರೆ ಅದೇ ಹೆಚ್ಚುಕಡಿಮೆ ಒಂದೂವರೆ ಕೋಟಿ. ಅಲ್ಲಿಗೆ ಮೆಟ್ಟಿಲು ಹತ್ತಿ ತಂದ ಕಲ್ಲುಗಳ ವ್ಯತ್ಯಾಸವೆಲ್ಲ ದೋಷದಲ್ಲೇ ಮುಳುಗಿಹೋಗುತ್ತದೆ. ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆಗೂ ಇದೇ ಮಾತು. ಇವುಗಳಿಂದ ಒಂದೊಂದು ಕಲ್ಲು ಪ್ರಸ್ಥಭೂಮಿಯ ಪ್ರತಿನಿಧಿಯಾಗಿ ಸಾಕು, ಸಾಲು ಮಾಡುವುದು ವ್ಯರ್ಥ.

ಸಾಲಿಗೆ ಕನಿಷ್ಠ 800 ಮೀಟರ್ ಎತ್ತರದ ವ್ಯತ್ಯಾಸ ಬೇಕು, ಸಾವಿರ ಸಿಕ್ಕರೆ ಒಳ್ಳೆಯದು. ಪ್ರತಿ 100ರಿಂದ 150 ಮೀಟರಿಗೆ ಒಂದು ಕಲ್ಲು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ ನಮಗೆ ಹತ್ತಿರದ ಒಳ್ಳೆಯ ಇಳಿಜಾರು, ರಸ್ತೆ ಕಡಿದಲ್ಲಿ ಹೊಸ ಬಂಡೆಯ ಮುಖ ಸಿಗುತ್ತದೆ. ಆದರೆ 2018ರ ಮಳೆಯಲ್ಲಿ ಕುಸಿದ ಜಾಗಗಳಲ್ಲಿ ಬಿದ್ದಿರುವ ಬಂಡೆ ಎಲ್ಲಿಂದ ಉರುಳಿ ಬಂತೋ ಹೇಳಲಾಗದು, ಅದನ್ನು ಮುಟ್ಟಬೇಡಿ. ಇನ್ನೊಂದು ತೊಡಕು: ಇಳಿಜಾರು ಉದ್ದಕ್ಕೆ ಹತ್ತಾರು ಕಿಲೋಮೀಟರ್ ಹರಡಿದ್ದರೆ ಅದು ನೇರ ನಿಂತ ಸಾಲಲ್ಲ. ಘಟ್ಟದ ಅಂಚು ಕರಾವಳಿಯಿಂದ ಒಳಕ್ಕೆ ಸವೆದು ಬಂದಿದ್ದರೆ ವಯಸ್ಸು ಎತ್ತರಕ್ಕಿಂತ ಕಡಲಿನಿಂದ ಇರುವ ದೂರವನ್ನು ಹಿಂಬಾಲಿಸಬಹುದು. ಅದಕ್ಕೇ ವಯಸ್ಸನ್ನು ಎತ್ತರಕ್ಕೂ ದೂರಕ್ಕೂ ಎರಡು ಬೇರೆ ಚಿತ್ರಗಳಲ್ಲಿ ಗುರುತಿಸಿ ನೋಡಿ.

ಮಸಿನಗುಡಿ ಕಡೆಯಿಂದ 2,637 ಮೀಟರಿನ ದೊಡ್ಡಬೆಟ್ಟದವರೆಗೆ ಎತ್ತರ ಧಾರಾಳವಾಗಿದೆ. ಆದರೆ ಬಂಡೀಪುರದ ನೆಲಕ್ಕೂ ನೀಲಗಿರಿಗೂ ನಡುವೆ ಮೋಯಾರ್ ಕಣಿವೆ, ಅದರ ಉದ್ದಕ್ಕೂ ಹಳೆಯ ಕತ್ತರಿ ವಲಯ, ಅಂದರೆ ಎರಡು ಬದಿಯ ಕಲ್ಲು ಒಂದಕ್ಕೊಂದು ಉಜ್ಜಿ ಸರಿದ ಪಟ್ಟಿ ಇದೆ. ಇಂಥ ಸ್ತರಭಂಗ ದಾಟಿ ಸಾಲು ಎಳೆದರೆ ಒಂದು ಬದಿ ಕುಸಿದದ್ದೋ ಸವೆದದ್ದೋ ಗೊತ್ತಾಗುವುದಿಲ್ಲ. ಕಣಿವೆಯ ಒಂದೇ ಮಗ್ಗುಲಲ್ಲಿ ಸಾಲು ಮುಗಿಯಲಿ. ಎರಡು ಮಗ್ಗುಲಿಗೂ ಬೇರೆ ಬೇರೆ ಸಾಲು ಮಾಡಿ ಹೋಲಿಸಿದರೆ ಅದೇ ಒಂದು ಒಳ್ಳೆಯ ಸಂಶೋಧನೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಬೆಣಚುಕಲ್ಲನ್ನೂ ಎತ್ತುವಂತಿಲ್ಲ. ಅನುಮತಿಗೆ ತಿಂಗಳುಗಳೇ ಹಿಡಿಯುತ್ತವೆ, ಯೋಜನೆಯ ಮೊದಲ ವಾರದಲ್ಲೇ ಅರ್ಜಿ ಹಾಕಿ.

ಯಾವ ಕಲ್ಲು, ಎಷ್ಟು

ಗ್ರಾನೊಡಯೊರೈಟ್, ಟೋನಲೈಟ್ ಬಗೆಯ ನೈಸ್, ಬಿಳಿಗಿರಿ ಕಡೆಯ ಚಾರ್ನೊಕೈಟ್, ಮಂಡ್ಯದ ಪೂರ್ವಕ್ಕೆ ರಾಮನಗರದ ಕಡೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್, ಇವುಗಳಲ್ಲಿ ಅಪಟೈಟ್ ಚೆನ್ನಾಗಿ ಸಿಗುತ್ತದೆ. ತೀರ ಬಿಳಿಚಿದ, ಕಪ್ಪು ಖನಿಜವೇ ಇಲ್ಲದ ಗ್ರಾನೈಟ್‌ನಲ್ಲಿ ಕಡಿಮೆ. ಕ್ವಾರ್ಟ್ಸೈಟ್ ಬೇಡ. ಸಿಂಧುವಳ್ಳಿ, ದೊಡ್ಡಕನ್ಯ ಕಡೆಯ ಕ್ರೋಮೈಟ್, ಮ್ಯಾಗ್ನಸೈಟ್ ಸಿಗುವ ಕಲ್ಲುಗಳಲ್ಲಿ ಅಪಟೈಟ್ ಹುಡುಕುವುದು ಸುಮ್ಮನೆ ದಣಿವು. ಬಿರುಕಿನಲ್ಲಿ ಗೋಡೆಯಂತೆ ನುಗ್ಗಿ ಗಟ್ಟಿಯಾದ ಕಪ್ಪು ಡೊಲರೈಟ್ ಕಲ್ಲಿನಲ್ಲಿ, ಅಂದರೆ ಡೈಕ್‌ನಲ್ಲಿ, ಅಪಟೈಟ್ ಇದ್ದರೂ ಸೂಜಿಯಂತೆ ಸಣ್ಣದು, ಯುರೇನಿಯಂ ಕಡಿಮೆ.

ಒಂದು ಜಾಗದಿಂದ 4ರಿಂದ 5 ಕಿಲೋ ತನ್ನಿ. ಮುಷ್ಟಿಗಾತ್ರದ ಚೂರುಗಳಾದರೆ ಪುಡಿ ಮಾಡುವುದು ಸುಲಭ. ಬಂಡೆ ಬುಡಸಮೇತ ನೆಲಕ್ಕೆ ಕಚ್ಚಿಕೊಂಡಿರಬೇಕು, ಉರುಳಿದ ಗುಂಡು ಬೇಡ. ಸುತ್ತಿಗೆಯಿಂದ ಹೊಡೆದಾಗ ಟಣ್ ಎನ್ನಬೇಕು. ಡಬ್ ಎಂದರೆ ಒಳಗೆ ಕೊಳೆತಿದೆ. ಫೆಲ್ಡ್‌ಸ್ಪಾರ್ ಸುಣ್ಣದ ಹಾಗೆ ಬೆಳ್ಳಗೆ ಮಂಕಾಗಿದ್ದರೆ, ಬಯೊಟೈಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಹುಳಿ ನೀರು ಇಳಿದ ಕಲ್ಲಿನಲ್ಲಿ ಮೊದಲು ಕರಗುವುದೇ ಅಪಟೈಟ್. ಕೊಡಗಿನ ಕೆಂಪು ಮಣ್ಣಿನ ಕಡೆ ಈ ಕಷ್ಟ ಹೆಚ್ಚು.

ನಮ್ಮ ಸೀಮೆಯಲ್ಲಿ ವಿಶೇಷವಾಗಿ ಕಣ್ಣಿಡಬೇಕಾದ್ದು ಬೆಂಕಿಯ ಮೇಲೆ. ಹಳೆಯ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಹಪ್ಪಳದ ಹಾಗೆ ಮೇಲಿನ ಪದರ ಎದ್ದ ಮೇಲೆ ಚಪ್ಪಡಿ ಸೀಳುತ್ತಿದ್ದರು. ಅಂಥ ಬಂಡೆಯ ಮುಖ ನಸುಗೆಂಪಾಗಿ, ಬಿಲ್ಲೆ ಬಿಲ್ಲೆಯಾಗಿ ಸಿಪ್ಪೆ ಎದ್ದಿರುತ್ತದೆ, ಒಡೆದರೆ ಅಂಚು ಪುಡಿಯಾಗುತ್ತದೆ. ಕಾಡ್ಗಿಚ್ಚು ತಗುಲಿದ ಬಂಡೆಯೂ ಹೀಗೇ. ಕೆಲವೇ ಗಂಟೆಯ ಉರಿ ಹೀಲಿಯಂ ಅನ್ನು ಹೊರದೂಡಿ, ಗೆರೆಯನ್ನು ಮಾಯಿಸಿ, ಕೋಟ್ಯಂತರ ವರ್ಷದ ಲೆಕ್ಕವನ್ನು ಅಳಿಸಬಲ್ಲದು. ಆದರೆ ಕಾವು ಕೆಲವು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹಾಗಾಗಿ ಹೊರಗಿನ 5 ಸೆಂಟಿಮೀಟರ್ ಕೆತ್ತಿ ಬಿಸಾಡಿ ಒಳಗಿನದನ್ನು ತೆಗೆದುಕೊಳ್ಳಿ. ಕಲ್ಲುಕ್ವಾರಿಯಲ್ಲಿ ಸಿಡಿಮದ್ದಿನಿಂದ ಒಡೆದ ಹೊಸ ಮುಖ ಇದಕ್ಕಿಂತ ಒಳ್ಳೆಯದು, ಸಿಡಿತದಿಂದ ವಯಸ್ಸಿಗೆ ತೊಂದರೆಯಿಲ್ಲ. ಕೆಆರ್‌ಎಸ್ ಸುತ್ತ ಕಲ್ಲುಗಣಿಗಾರಿಕೆಗೆ ನ್ಯಾಯಾಲಯದ ನಿರ್ಬಂಧವಿದೆ, ಹೋಗುವ ಮೊದಲು ಕ್ವಾರಿಯ ಸ್ಥಿತಿ ವಿಚಾರಿಸಿ. ದೇವಸ್ಥಾನ, ಕೋಟೆ, ಶಾಸನದ ಬಂಡೆಗೆ ಸುತ್ತಿಗೆ ತಾಗಿಸಲೇಬಾರದು.

ಅಕ್ಷಾಂಶ, ರೇಖಾಂಶ, ಎತ್ತರ, ಬಂಡೆಯ ಚಿತ್ರ, ಹತ್ತಿರದ ಡೈಕ್‌ಗೆ ಇರುವ ದೂರ ಅಲ್ಲೇ ಬರೆದುಕೊಳ್ಳಿ. ಕೈ ಜಿಪಿಎಸ್‌ನ ಎತ್ತರ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದು, ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ (ಮೈಸೂರಿನ ಸುತ್ತಮುತ್ತಕ್ಕೆ 57 ಡಿ ಸರಣಿ) ತಾಳೆ ನೋಡಿ.

ಪುಡಿಯಿಂದ ಅಪಟೈಟ್‌ವರೆಗೆ

ಜಾ ಕ್ರಷರ್, ಆಮೇಲೆ ಡಿಸ್ಕ್ ಮಿಲ್. ಡಿಸ್ಕ್‌ಗಳ ಸಂದನ್ನು ಒಮ್ಮೆಲೇ ಬಿಗಿ ಮಾಡಬೇಡಿ. ಅಗಲವಾಗಿಟ್ಟು ಅರೆದು, 250 ಮೈಕ್ರಾನ್ ಜರಡಿ ಹಿಡಿದು, ಉಳಿದದ್ದನ್ನು ಮಾತ್ರ ಮತ್ತೆ ಅರೆಯಿರಿ. ಅವಸರದಲ್ಲಿ ಬಿಗಿ ಮಾಡಿದರೆ ಅಪಟೈಟ್ ಹರಳು ನುಚ್ಚಾಗಿ ಹೀಲಿಯಂ ಕೆಲಸಕ್ಕೆ ಒಂದೂ ಇಡೀ ಹರಳು ಉಳಿಯುವುದಿಲ್ಲ. ಪ್ರತಿ ಕಲ್ಲಿನ ನಡುವೆ ಯಂತ್ರವನ್ನು ಬಿಚ್ಚಿ, ಬ್ರಷ್ ಹಾಕಿ, ಗಾಳಿ ಊದಿ, ಬೆಣಚುಕಲ್ಲು ಅರೆದು ಚೊಕ್ಕ ಮಾಡಿ. ಹಿಂದಿನ ಕಲ್ಲಿನ ನಾಲ್ಕು ಹರಳು ಸೇರಿಕೊಂಡರೂ ಇಡೀ ಫಲಿತಾಂಶ ಹಾಳು, ಅದು ಆಮೇಲೆ ಪತ್ತೆಯೂ ಆಗುವುದಿಲ್ಲ.

60ರಿಂದ 250 ಮೈಕ್ರಾನ್ ಪುಡಿಯನ್ನು ಅಕ್ಕಿ ಅರಿಸಿ ಕಲ್ಲು ಬೇರೆ ಮಾಡುವ ಹಾಗೆ ನೀರಿನಲ್ಲಿ ಆಡಿಸಿ ದೂಳು ತೆಗೆಯಿರಿ. ಪ್ರಯೋಗಾಲಯದಲ್ಲಿ ಕುಲುಕುವ ಟೇಬಲ್ ಇದ್ದರೆ ಕೆಲಸ ಬೇಗ. ಒಣಗಿಸುವಾಗ 50 ಡಿಗ್ರಿ ಮೀರದಿರಲಿ. ಒಲೆಯ ಮೇಲೆ, ಬಿಸಿ ಪ್ಲೇಟಿನ ಮೇಲೆ ಒಣಗಿಸುವ ಅಭ್ಯಾಸ ಬಿಡಿ. ಕೈ ಆಯಸ್ಕಾಂತದಿಂದ ಮ್ಯಾಗ್ನಟೈಟ್, ಗಿರಣಿಯ ಕಬ್ಬಿಣದ ಚೂರು ತೆಗೆದ ಮೇಲೆ ಭಾರದ ದ್ರವಕ್ಕೆ ಹಾಕಿ. 2.85 ಸಾಂದ್ರತೆಯ ದ್ರವದಲ್ಲಿ 2.65ರ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ತೇಲುತ್ತವೆ, 3.2ರ ಅಪಟೈಟ್ ಮುಳುಗುತ್ತದೆ. ಬ್ರೋಮೊಫಾರ್ಮ್ ವಿಷಕಾರಿ, ಫ್ಯೂಮ್ ಹುಡ್ ಇಲ್ಲದೆ ಬಾಟಲಿ ತೆರೆಯಬೇಡಿ. ಸೋಡಿಯಂ ಪಾಲಿಟಂಗ್‌ಸ್ಟೇಟ್ ದುಬಾರಿಯಾದರೂ ನೀರಿನಲ್ಲಿ ತೊಳೆದು ಮತ್ತೆ ಬಳಸಬಹುದು. ಅದಾದ ಮೇಲೆ ಫ್ರಾಂಟ್ಸ್ ಕಾಂತ ವಿಭಾಜಕ, ಕೊನೆಗೆ 3.3 ಸಾಂದ್ರತೆಯ ಮೆಥಿಲೀನ್ ಅಯೋಡೈಡ್. ಇಲ್ಲಿ ಅಪಟೈಟ್ ತೇಲುತ್ತದೆ, ಜಿರ್ಕಾನ್ ಮುಳುಗುತ್ತದೆ. ಜಿರ್ಕಾನ್ ಎಸೆಯಬೇಡಿ.

ಗೆರೆ ಎಣಿಸುವುದು

ಯುರೇನಿಯಂ-238ರ ಪರಮಾಣುಗಳು ಒಡೆಯುವಾಗ ಸುಮಾರು 18 ಲಕ್ಷಕ್ಕೆ ಒಂದು ಮಾತ್ರ ಎರಡು ಹೋಳಾಗಿ ಸಿಡಿಯುತ್ತದೆ. ಆ ಹೋಳುಗಳು ಹರಳನ್ನು ಸೀಳಿಕೊಂಡು ಹೋದ ದಾರಿಯೇ ಗೆರೆ. ಹುಟ್ಟಿದಾಗ ಅದರ ಉದ್ದ 16 ಮೈಕ್ರಾನ್ ಆಸುಪಾಸು.

ಅಪಟೈಟ್ ಹರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಒಳಭಾಗ ಕಾಣುವಷ್ಟು ಉಜ್ಜಿ, 1 ಮೈಕ್ರಾನ್ ವಜ್ರದ ಲೇಪದವರೆಗೆ ಪಾಲಿಶ್ ಮಾಡಿ. ಗೀರು ಉಳಿದರೆ ಅದೇ ಗೆರೆಯಂತೆ ಕಂಡು ಮೋಸ ಮಾಡುತ್ತದೆ. 5.5 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ, 21 ಡಿಗ್ರಿಯಲ್ಲಿ, ಸರಿಯಾಗಿ 20 ಸೆಕೆಂಡ್ ಅದ್ದಿ ತಕ್ಷಣ ನೀರಿಗೆ ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಮೈಸೂರಿನ ಕೋಣೆ 30 ದಾಟಿರುತ್ತದೆ, ಆಮ್ಲದ ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಥರ್ಮಾಮೀಟರ್ ನೋಡಿಯೇ ಅದ್ದಬೇಕು. ಎರಡು ಡಿಗ್ರಿ ಏರಿದರೂ ಗೆರೆ ದಪ್ಪವಾಗಿ, ಉದ್ದದ ಅಳತೆ ಬದಲಾಗಿ, ಬೇರೆ ಪ್ರಯೋಗಾಲಯದ ಅಂಕಿಯೊಂದಿಗೆ ಹೋಲಿಸಲು ಬಾರದಂತಾಗುತ್ತದೆ.

ಸಾವಿರ ಪಟ್ಟು ದೊಡ್ಡದಾಗಿ ನೋಡಿದಾಗ ಗೆರೆಗಳು ಚಿಮಟದಿಂದ ಚೆಲ್ಲಿದ ಕೂದಲ ತುಂಡಿನ ಹಾಗೆ ಕಾಣುತ್ತವೆ. ನೇರ, ಚೂಪು ತುದಿ, ದಿಕ್ಕು ಮಾತ್ರ ಒಂದೊಂದಕ್ಕೆ ಒಂದೊಂದು. ಬಾಗಿದ್ದರೆ, ಒಂದೇ ದಿಕ್ಕಿನಲ್ಲಿ ಗುಂಪಾಗಿದ್ದರೆ, 16 ಮೈಕ್ರಾನ್‌ಗಿಂತ ಉದ್ದವಿದ್ದರೆ ಅದು ಹರಳಿನ ದೋಷ, ಗೆರೆಯಲ್ಲ. ಮೇಲ್ಮೈ ಮೇಲಿನ ಸಣ್ಣ ಗುಳಿಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಹರಳು ಸಿ-ಅಕ್ಷಕ್ಕೆ, ಅಂದರೆ ತನ್ನ ಉದ್ದನೆಯ ಅಕ್ಷಕ್ಕೆ, ಸಮಾಂತರವಾಗಿ ಕತ್ತರಿಸಿದೆ ಎಂದರ್ಥ. ಅಂಥ ಹರಳುಗಳನ್ನು ಮಾತ್ರ ಎಣಿಸಿ.

ಒಂದು ಕಲ್ಲಿಗೆ 20ರಿಂದ 40 ಹರಳು. ಯುರೇನಿಯಂ ಪ್ರಮಾಣವನ್ನು ಹಳೆಯ ಕ್ರಮದಲ್ಲಿ ಮೇಲೊಂದು ಅಭ್ರಕದ ಹಾಳೆ ಹೊದಿಸಿ, ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಹಾಯಿಸಿ, ಅಭ್ರಕದ ಮೇಲೆ ಮೂಡಿದ ಗೆರೆ ಎಣಿಸಿ ತಿಳಿಯುತ್ತಾರೆ. ಹೊಸ ಕ್ರಮದಲ್ಲಿ ಅದೇ ಹರಳಿಗೆ ಲೇಸರ್ ಹೊಡೆದು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಅಳೆಯುತ್ತಾರೆ. ಅಭ್ರಕ ಕೊರೆಯಲು ಹೈಡ್ರೊಫ್ಲೋರಿಕ್ ಆಮ್ಲ ಬೇಕು, ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇಲ್ಲದಿದ್ದರೆ ಆ ಆಮ್ಲದ ಮುಚ್ಚಳ ತೆಗೆಯಬೇಡಿ. ಎಣಿಸುವವರ ಕಣ್ಣಿಗೆ ಕಣ್ಣಿಗೆ ವ್ಯತ್ಯಾಸ ಇರುವುದರಿಂದ ಪ್ರತಿಯೊಬ್ಬರೂ 31.4 ಮಿಲಿಯನ್ ವರ್ಷದ ಡುರಾಂಗೊ ಅಪಟೈಟ್‌ನಂಥ ಮಾದರಿ ಎಣಿಸಿ ಎಣಿಕೆಯನ್ನು ವಯಸ್ಸಿಗೆ ತರುವ ತಮ್ಮ ಗುಣಕವನ್ನು, ಅಂದರೆ ಝೀಟಾ ಸಂಖ್ಯೆಯನ್ನು, ತಾವೇ ಕಟ್ಟಿಕೊಳ್ಳಬೇಕು. ಸ್ನೇಹಿತರ ಝೀಟಾ ಎರವಲು ತರುವಂತಿಲ್ಲ.

ವಯಸ್ಸಿನಷ್ಟೇ ಮುಖ್ಯ ಉದ್ದ. ಹರಳಿನ ಒಳಗೇ ಪೂರ್ತಿ ಹುದುಗಿರುವ ಗೆರೆಗಳನ್ನು ಹುಡುಕಿ, ಸಾಧ್ಯವಾದರೆ ನೂರನ್ನು ಅಳೆಯಿರಿ. ಸರಾಸರಿ 14, 15 ಮೈಕ್ರಾನ್ ಇದ್ದರೆ ಕಲ್ಲು ಬೇಗ ತಣಿದಿದೆ. 12, 13ಕ್ಕೆ ಇಳಿದು ಉದ್ದಗಳು ಹರಡಿಕೊಂಡಿದ್ದರೆ ಅರೆ ಮಾಯುವ ಪಟ್ಟಿಯಲ್ಲಿ ಬಹಳ ಕಾಲ ತಂಗಿದೆ. ನಮ್ಮ ಪ್ರಸ್ಥಭೂಮಿಯಂಥ ನೆಲದಲ್ಲಿ ನಿರೀಕ್ಷಿಸಬೇಕಾದ್ದು ಎರಡನೆಯದನ್ನು. ಉದ್ದ ಅಳೆಯದೆ ವಯಸ್ಸೊಂದನ್ನೇ ಕೊಟ್ಟ ವರದಿಯಿಂದ ಸವೆತದ ಬಗ್ಗೆ ಹೇಳಬಹುದಾದ್ದು ತೀರ ಕಡಿಮೆ. ಹರಳಿನ ರಾಸಾಯನಿಕ ಗುಣವೂ ಮಾಯುವ ವೇಗವನ್ನು ಬದಲಿಸುತ್ತದೆ, ಕ್ಲೋರಿನ್ ಹೆಚ್ಚಿದ್ದರೆ ಗೆರೆ ಹೆಚ್ಚು ಬಿಸಿ ತಾಳುತ್ತದೆ. ಅದಕ್ಕಾಗಿ ಸಿ-ಅಕ್ಷದ ದಿಕ್ಕಿನಲ್ಲಿ ಗುಳಿಗಳ ಉದ್ದವನ್ನು, ಅಂದರೆ ಡಿಪಾರ್ ಅನ್ನು, ಪ್ರತಿ ಹರಳಿಗೂ ಬರೆದಿಡಿ.

ಡೆಹರಾಡೂನಿನ ವಾಡಿಯಾ ಸಂಸ್ಥೆ, ಕುರುಕ್ಷೇತ್ರ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಹೆಸರಾದವು. ಕಲ್ಲು ಕಳಿಸುವ ಮೊದಲು ಅವರ ಪ್ರಯೋಗಾಲಯದ ಕ್ರಮ ಕೇಳಿ, ಪುಡಿಮಾಡುವ ಹಂತವನ್ನು ಇಲ್ಲೇ ಮುಗಿಸಬಹುದೇ ನೋಡಿ. ಐದು ಕಿಲೋ ಕಲ್ಲಿನ ಬದಲು ಒಂದು ಚಿಟಿಕೆ ಹರಳು ಅಂಚೆಯಲ್ಲಿ ಹೋಗುತ್ತದೆ.

ಹೀಲಿಯಂ, ಮತ್ತು ಅದು ಮಾಡುವ ಗೊಂದಲ

ಹೀಲಿಯಂಗೆ ಹರಳು ಆರಿಸುವುದರಲ್ಲೇ ಮುಕ್ಕಾಲು ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಆರು ಮೂಲೆಯ ಕಂಬದಂತಿರುವ, ಎರಡೂ ತುದಿ ಉಳಿದಿರುವ, ಗಾಜಿನಂತೆ ತಿಳಿಯಾದ, 70 ಮೈಕ್ರಾನ್‌ಗಿಂತ ಅಗಲದ ಹರಳು ಬೇಕು. ಒಂದು ಕಲ್ಲಿಗೆ ಕನಿಷ್ಠ ಐದು. ಯುರೇನಿಯಂ ಒಡೆದಾಗ ಆಲ್ಫಾ ಕಣ ಸುಮಾರು 20 ಮೈಕ್ರಾನ್ ಹಾರುತ್ತದೆ, ಹರಳಿನ ಅಂಚಿನಲ್ಲಿದ್ದರೆ ಹೊರಗೇ ಹಾರಿಬಿಡುತ್ತದೆ. 60 ಮೈಕ್ರಾನ್ ಅಗಲದ ಹರಳಿನಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೀಲಿಯಂ ಹೀಗೆ ನಷ್ಟ. ಉದ್ದ ಅಗಲ ಅಳೆದು ಈ ನಷ್ಟವನ್ನು ಲೆಕ್ಕದಲ್ಲಿ ತುಂಬುತ್ತಾರೆ. ಹರಳು ಸಣ್ಣದಾದಷ್ಟೂ ತುಂಬಿದ ಪಾಲು ದೊಡ್ಡದು, ಅಳತೆಯ ತಪ್ಪೂ ದೊಡ್ಡದು.

ಹರಳನ್ನು ಪ್ಲಾಟಿನಂ ಅಥವಾ ನಯೋಬಿಯಂ ಪುಟ್ಟ ನಳಿಕೆಯಲ್ಲಿ ಮಡಚಿ, ನಿರ್ವಾತದಲ್ಲಿ ಲೇಸರ್‌ನಿಂದ ಕಾಯಿಸಿ ಹೀಲಿಯಂ ಅಳೆಯುತ್ತಾರೆ. ಮತ್ತೊಮ್ಮೆ ಕಾಯಿಸಿದಾಗ ಏನೂ ಬರಬಾರದು. ಬಂದರೆ ಒಳಗೆ ಜಿರ್ಕಾನ್ ಸೂಜಿ ಅವಿತಿದೆ ಎಂದು ಸಂಶಯಪಡಿ. ಆ ಸೂಜಿ ಹೀಲಿಯಂ ಕೊಡುತ್ತದೆ, ಆದರೆ ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಕರಗುವುದಿಲ್ಲ. ಅದರ ಯುರೇನಿಯಂ ಲೆಕ್ಕಕ್ಕೆ ಬಾರದೆ ವಯಸ್ಸು ಉಬ್ಬುತ್ತದೆ.

ಪಾಠದ ಪ್ರಕಾರ ಹೀಲಿಯಂ ವಯಸ್ಸು ಗೆರೆ ವಯಸ್ಸಿಗಿಂತ ಚಿಕ್ಕದಿರಬೇಕು. ಹಳೆಯ ಕ್ರೇಟಾನ್‌ಗಳಲ್ಲಿ ಬಹಳ ಸಲ ತಿರುಗುಮುರುಗಾಗುತ್ತದೆ, ಒಂದೇ ಕಲ್ಲಿನ ಐದು ಹರಳು ಐದು ವಯಸ್ಸು ಹೇಳುತ್ತವೆ. ಯಂತ್ರ ಕೆಟ್ಟಿದೆಯೆಂದೋ ಹರಳು ಕಲಬೆರಕೆಯೆಂದೋ ತೀರ್ಮಾನಿಸಿ ಎಸೆಯುವ ಮೊದಲು ಒಂದು ಚಿತ್ರ ಬರೆಯಿರಿ: ಅಡ್ಡಕ್ಕೆ ಯುರೇನಿಯಂ ಜೊತೆ ಥೋರಿಯಂನ 0.235 ಪಾಲು ಸೇರಿಸಿದ ಮೊತ್ತ, ಉದ್ದಕ್ಕೆ ವಯಸ್ಸು. ಮೊತ್ತ ಹೆಚ್ಚಿದಂತೆ ವಯಸ್ಸೂ ಏರುತ್ತಿದ್ದರೆ ಕಾರಣ ವಿಕಿರಣದ ಗಾಯ. ಹೆಚ್ಚು ಯುರೇನಿಯಂ ಇರುವ ಹರಳಿನೊಳಗೆ ಗಾಯ ಹೆಚ್ಚು, ಹೀಲಿಯಂ ಆ ಗಾಯಗಳಲ್ಲಿ ಸಿಕ್ಕಿಬೀಳುತ್ತದೆ, ಹರಳು 70ಕ್ಕಿಂತ ಹೆಚ್ಚಿನ ಬಿಸಿಯಲ್ಲೇ ಮುಚ್ಚಿಕೊಳ್ಳುತ್ತದೆ. ಹೀಗೆ ನೋಡಿದರೆ ಈ ಚೆದುರಿಕೆ ದೋಷವಲ್ಲ, ಐದು ಹರಳು ಎಂದರೆ ಐದು ಬೇರೆ ಉಷ್ಣತೆಯ ಗಡಿಯಾರ. ಸರಾಸರಿ ತೆಗೆದು ಒಂದೇ ಸಂಖ್ಯೆ ಮಾಡಿದರೆ ಆ ಮಾಹಿತಿಯನ್ನೆಲ್ಲ ಕೈಯಾರೆ ಕಳೆದುಕೊಂಡಂತೆ.

ವಯಸ್ಸಿನಿಂದ ಸವೆತಕ್ಕೆ

ಒಂದು ಊಹೆಯ ವಯಸ್ಸು ಹಿಡಿದು ಲೆಕ್ಕ ಮಾಡೋಣ. ಗೆರೆ ವಯಸ್ಸು 25 ಕೋಟಿ ವರ್ಷ ಎನ್ನಿ. 110ರಿಂದ 25 ಕಳೆದು 13ರಿಂದ ಭಾಗಿಸಿದರೆ 6.5 ಕಿಲೋಮೀಟರ್. ಅದನ್ನು ವಯಸ್ಸಿನಿಂದ ಭಾಗಿಸಿದರೆ ಹತ್ತು ಲಕ್ಷ ವರ್ಷಕ್ಕೆ 26 ಮೀಟರ್.

ಇಲ್ಲಿಗೇ ನಿಲ್ಲಿಸಬಾರದು. ಕಿಲೋಮೀಟರಿಗೆ 13 ಡಿಗ್ರಿಯಂತೆ, 26 ಮೀಟರ್ ಸವೆಯುವ ಹತ್ತು ಲಕ್ಷ ವರ್ಷಕ್ಕೆ ಕಲ್ಲು ಮೂರನೇ ಒಂದು ಡಿಗ್ರಿ ಮಾತ್ರ ತಣಿಯುತ್ತಿದೆ. 110 ಡಿಗ್ರಿಯಿಂದ 60ಕ್ಕೆ ಬರಲು 15 ಕೋಟಿ ವರ್ಷ ಬೇಕು. ಇಷ್ಟು ನಿಧಾನಕ್ಕೆ ತಣಿಯುವಾಗ ಮುಚ್ಚುವ ಉಷ್ಣತೆಯೇ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುತ್ತದೆ. 95 ಹಾಕಿದರೆ ಆಳ 5.4 ಕಿಲೋಮೀಟರ್, ವೇಗ 21 ಮೀಟರಿಗೆ ಸ್ವಲ್ಪ ಮೇಲೆ. ಭೂಶಾಖದ ಏರಿಕೆಯನ್ನು 11ಕ್ಕೂ 15ಕ್ಕೂ ಬದಲಿಸಿ ನೋಡಿದರೆ 25ರಿಂದ 19ರವರೆಗೆ ಓಡಾಡುತ್ತದೆ. ವರದಿಯಲ್ಲಿ ಕೊಡಬೇಕಾದ್ದು ಈ ವ್ಯಾಪ್ತಿಯನ್ನು. ‘25 ಕೋಟಿ ವರ್ಷದ ಹಿಂದೆ ಮೈಸೂರಿನಲ್ಲಿ ಏನೋ ಘಟಿಸಿತು’ ಎಂದು ಓದುವುದಂತೂ ಸಲ್ಲ. ಸದ್ದಿಲ್ಲದೆ ನಿಧಾನಕ್ಕೆ ಸವೆದ ನೆಲವೂ ಇದೇ ವಯಸ್ಸು ಕೊಡುತ್ತದೆ.

ಹಿಮಾಲಯದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕಲ್ಲು ಎಷ್ಟು ಬೇಗ ಮೇಲೆ ಬರುತ್ತದೆಂದರೆ ಬಿಸಿಯನ್ನೂ ಜೊತೆಗೆ ಹೊತ್ತು ತರುತ್ತದೆ, ಆಳದ ಲೆಕ್ಕ ತಪ್ಪುತ್ತದೆ. ವೇಗವನ್ನು ಪದರದ ದಪ್ಪದಿಂದ ಗುಣಿಸಿ ಶಾಖ ಹರಡುವ ಗುಣಾಂಕದಿಂದ ಭಾಗಿಸಿ ನೋಡಿ. ಹತ್ತು ಲಕ್ಷ ವರ್ಷಕ್ಕೆ 0.025 ಕಿಲೋಮೀಟರ್, 30 ಕಿಲೋಮೀಟರ್ ದಪ್ಪ, ಗುಣಾಂಕ 30 ಹಾಕಿದರೆ ನಮಗೆ ಬರುವುದು 0.025. ಒಂದಕ್ಕಿಂತ ಇಷ್ಟು ಕಡಿಮೆಯಿದ್ದಾಗ ಈ ಚಿಂತೆ ಬಿಡಬಹುದು.

ಮುಂದಿನ ಹಂತ ಹೆಫ್ಟಿ ಅಥವಾ ಕ್ಯೂಟಿಕ್ಯೂಟಿ ತಂತ್ರಾಂಶ. ಗೆರೆ ವಯಸ್ಸು, ಉದ್ದಗಳು, ಡಿಪಾರ್, ಪ್ರತಿ ಹರಳಿನ ಹೀಲಿಯಂ, ಗಾತ್ರ, ಯುರೇನಿಯಂ ಎಲ್ಲ ಕೊಟ್ಟರೆ ಅವು ಸಾವಿರಾರು ಉಷ್ಣ ಇತಿಹಾಸಗಳನ್ನು ಪರೀಕ್ಷಿಸಿ ಹೊಂದುವವನ್ನು ತೋರಿಸುತ್ತವೆ. ಶುರುವಿನಲ್ಲಿ ಕಡಿಮೆ ಕಟ್ಟುಪಾಡು ಹಾಕಿ: ಇಂದು ಮೇಲ್ಮೈ 25 ಡಿಗ್ರಿ, ಐದು ಆಚೀಚೆ, ಆರಂಭ 150ಕ್ಕೂ ಮೇಲೆ. ಮಡಗಾಸ್ಕರ್ ಬೇರ್ಪಟ್ಟ ಸುಮಾರು 9 ಕೋಟಿ ವರ್ಷದ ಹಿಂದೆ ಬೇಗ ತಣಿದಿರಲೇಬೇಕು ಎಂದು ಮೊದಲೇ ಕಟ್ಟುಪಾಡಿನ ಪೆಟ್ಟಿಗೆ ಎಳೆದರೆ ತಂತ್ರಾಂಶ ವಿಧೇಯವಾಗಿ ಅದನ್ನೇ ತೋರಿಸುತ್ತದೆ. ಪೆಟ್ಟಿಗೆ ಇಲ್ಲದೆಯೂ ಆ ಬಾಗು ಬಂದರೆ ಮಾತ್ರ ಅದು ಕಲ್ಲು ಹೇಳಿದ ಮಾತು. 60ರಿಂದ 120 ಡಿಗ್ರಿಯ ಪಟ್ಟಿಯ ಆಚೆ ಎಳೆದ ಉಷ್ಣ ಇತಿಹಾಸದ ರೇಖೆಗಳಿಗೆ ಫಿಷನ್ ಗೆರೆ ದತ್ತಾಂಶದ ಆಧಾರವಿಲ್ಲ, ಅವುಗಳನ್ನು ಮಸುಕು ಬಣ್ಣದಲ್ಲಿ ಹಾಕಿ.

ಹೊಳೆಯ ಮರಳು

ಒಂದೊಂದು ಬಂಡೆಯ ಬದಲು ಇಡೀ ಕೊಳ್ಳದ ಸರಾಸರಿ ಬೇಕಿದ್ದರೆ ಹೊಳೆಯ ಮರಳಿನಿಂದ ನೂರು ಅಪಟೈಟ್ ಹರಳು ತೆಗೆದು ವಯಸ್ಸುಗಳ ಹರವು ನೋಡಬಹುದು. ಮರಳು ಎಲ್ಲಿಯದು ಎಂಬುದೇ ಇಲ್ಲಿ ಪ್ರಾಣ. 1930ರ ದಶಕದಿಂದ ಕೆಆರ್‌ಎಸ್ ಮೇಲಿನ ಮರಳನ್ನು ತಡೆದಿಟ್ಟಿದೆ. ಶ್ರೀರಂಗಪಟ್ಟಣದ ಬಳಿ ತೆಗೆದ ಹೊಸ ಮರಳು ಕೊಡಗಿನ ಪ್ರತಿನಿಧಿಯಲ್ಲ. ಹೇಮಾವತಿ, ಹಾರಂಗಿ, ಕಬಿನಿಗೂ ಅಣೆಕಟ್ಟುಗಳಿವೆ, ಅವುಗಳ ಮೇಲ್ಭಾಗಕ್ಕೆ ಹೋಗಿ. ಸೇತುವೆ, ಕಟ್ಟಡದ ಕೆಲಸ ನಡೆದ ದಡದಲ್ಲಿ ಎಂ-ಸ್ಯಾಂಡ್ ಬೆರೆತಿರುತ್ತದೆ. ಹರಳುಗಳ ಅಂಚು ಕತ್ತಿಯಂತೆ ಚೂಪಾಗಿ, ದೂಳು ಹೆಚ್ಚಿದ್ದರೆ ಅದು ಕ್ರಷರ್‌ನದು, ಬಿಡಿ.

ಶಿವನಸಮುದ್ರದಂಥ ನೂರು ಮೀಟರ್ ಲೆಕ್ಕದ ಪ್ರಶ್ನೆಗೆ ಬೇಕಾದ್ದು ಕ್ವಾರ್ಟ್ಸ್‌ನಲ್ಲಿರುವ ಬೆರಿಲಿಯಂ-10. ಬಾಹ್ಯಾಕಾಶದ ಕಿರಣ ಬಂಡೆಯ ಮೇಲಿನ 60 ಸೆಂಟಿಮೀಟರ್ ಆಸುಪಾಸಿನಲ್ಲಿ ಅದನ್ನು ಹುಟ್ಟಿಸುತ್ತದೆ, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ (ಐಯುಎಸಿ) ಅದನ್ನು ಅಳೆಯುವ ವೇಗವರ್ಧಕವಿದೆ. ಹತ್ತು ಲಕ್ಷ ವರ್ಷಕ್ಕೆ 10 ಮೀಟರ್ ಸವೆತವಾದರೆ ಆ 60 ಸೆಂಟಿಮೀಟರ್ ಹೋಗಲು 60 ಸಾವಿರ ವರ್ಷ. ಹೀಗಾಗಿ ಬೆರಿಲಿಯಂ ಹೇಳುವುದು ನಿನ್ನೆ ಮೊನ್ನೆಯ ಸರಾಸರಿ, ಅಪಟೈಟ್ ಹೇಳುವುದು ಕೋಟಿಗಟ್ಟಲೆ ವರ್ಷದ ಸರಾಸರಿ. ಒಂದರಲ್ಲಿ 10, ಇನ್ನೊಂದರಲ್ಲಿ 21 ಬಂದರೆ ಸವೆತ ಅರ್ಧಕ್ಕೆ ಇಳಿದಿದೆ ಎಂದು ಹೇಳುವ ಮೊದಲು ಮೂರನ್ನು ನೋಡಿ: ಬಂಡೆಯ ಬೋಳು ತಲೆಯಿಂದ ತೆಗೆದ ಕಲ್ಲೋ ಕೊಳ್ಳದ ಮರಳೋ, ಏಕೆಂದರೆ ಬೋಳು ಬಂಡೆ ಸುತ್ತಲಿನ ಮಣ್ಣಿಗಿಂತ ನಿಧಾನಕ್ಕೆ ಸವೆಯುತ್ತದೆ, ಹೀಲಿಯಂ ಮತ್ತು ಗೆರೆಗಳ ಜಂಟಿ ಮಾದರಿಯಲ್ಲಿ ಕೊನೆಯ 60 ಡಿಗ್ರಿಯ ದಾರಿ ನಿಜಕ್ಕೂ ನಿಧಾನವಾಗಿದೆಯೋ, 21 ಎಂಬ ಸರಾಸರಿಯೊಳಗೆ ಹಿಂದೆ ಒಮ್ಮೆ ವೇಗವಾಗಿ ಸವೆದ ಅವಧಿ ಅಡಗಿದೆಯೋ. ಮೂರನೆಯದಕ್ಕೆ ಉತ್ತರ ಗೆರೆಗಳ ಉದ್ದದಲ್ಲಿದೆ.